ಅರ್ಧ ದೋಣಿ

ಅಜ್ಮಾನಿನ ಕ್ರೀಕಿನ ಬದಿ, ತಗಡಿನ ಶೆಡ್ಡಿನ ಅಟ್ಟ.
ಹದಿನೆಂಟು ಮೀಟರಿನ ಹಾಯಿ ಯಾಟು, ದುಂಡು ಹೊಟ್ಟೆ.
ನಾನು ಬಿಡಿಸುವುದು ಎಡಮಗ್ಗುಲು ಮಾತ್ರ.
ಇನ್ನರ್ಧ ಕನ್ನಡಿಯದು,
ಒಂದು ಕ್ಲಿಕ್ಕು.

ಈ ಮೈಗೆ ದಪ್ಪವಿಲ್ಲ, ತೂಕವಿಲ್ಲ.
ಒಂದು ಬಿಂದು ಹಿಡಿದು ಕೂದಲೆಳೆಯಷ್ಟು ಎಳೆದರೆ
ಮೂತಿಯಿಂದ ಹಿಂಗಟ್ಟಿನವರೆಗೂ ಜುಮ್ಮೆನ್ನುತ್ತದೆ.
ಬಿಂದು ಕಮ್ಮಿಯಾದಷ್ಟೂ ಬಾಗು ಚೆಂದ:
ಇದನ್ನು ಕಲಿಯಲು ಎರಡು ವರ್ಷ, ನೂರು ಬೈಗುಳ.

ಪಟ್ಟೆ ಹಾಯಿಸಿದೆ, ಕಪ್ಪು ಬಿಳಿ ಕಪ್ಪು ಬಿಳಿ.
ನಡುಗೆರೆಯಲ್ಲಿ ಮುರಿದವು.
ಅಂಚಿಗೆ ಅಂಚು ತಾಗಿದೆಯಲ್ಲ, ಎಂದೆ.
ತಾಗಿದರೆ ಸಾಲದು ಬೇಟಿ, ಎಂದ ಮಾಂಡವಿಯ ಜುಸಬ್ ಭಾಯಿ,
ಕಣ್ಣಿಗಲ್ಲದಿದ್ದರೂ
ನೀರಿಗೆ ಗೊತ್ತಾಗುತ್ತೆ.

ರೂಮಿನಲ್ಲಿ ಒಂದೇ ಮಂಚ, ಬಾಡಿಗೆ ಇಬ್ಬರದು.
ರಾತ್ರಿ ನನಗೆ. ಹಗಲು ಸೆವ್ರಿನಳಿಗೆ,
ಆಸ್ಪತ್ರೆಯಲ್ಲಿ ಅವಳದು ನೈಟ್ ಡ್ಯೂಟಿ.
ಏಳು ತಿಂಗಳಾಯಿತು. ಅವಳ ತಲೆದಿಂಬಿನ ಗುಳಿ ಗೊತ್ತು,
ಕೂದಲಿನ ಡೆಟ್ಟಾಲು ವಾಸನೆ ಗೊತ್ತು.
ಮುಖ? ಬಾಗಿಲಲ್ಲಿ, ಚಪ್ಪಲಿ ಹಾಕುವಷ್ಟು ಹೊತ್ತು.
‘ಚಾ ಇದೆ ಫ್ಲಾಸ್ಕಿನಲ್ಲಿ.’

ಇವತ್ತು ನಡುಗೆರೆಯ ಪಕ್ಕದ ಸಾಲಿನ ಬಿಂದುಗಳನ್ನೆಲ್ಲ
ಗೆರೆಯ ಎತ್ತರಕ್ಕೇ ತಂದು ಕೂರಿಸಿದೆ.
ಪಟ್ಟೆಗಳು ಈಚೆಯಿಂದ ಆಚೆಗೆ
ತಡವರಿಸದೆ ದಾಟಿದವು.
ಜುಸಬ್ ಭಾಯಿ ನೋಡಿ, ‘ಹ್ಞಾಂ’ ಎಂದು ಇಳಿದುಹೋದ.

ಶುಕ್ರವಾರ, ಅರ್ಧ ದಿನ. ಬೇಗ ಬಂದೆ.
ಅವಳಿನ್ನೂ ನಿದ್ದೆಯಲ್ಲಿದ್ದಳು
ಗೋಡೆಗೆ ಒತ್ತಿ, ಒಂದೇ ಮಗ್ಗುಲಲ್ಲಿ,
ಅರ್ಧ ಮಂಚ ಖಾಲಿ ಬಿಟ್ಟು.
ಯಾರೂ ಹೇಳಿರಲಿಲ್ಲ ಅವಳಿಗೆ ಹಾಗೆ ಮಲಗಲು.
ನನಗೂ.

ಎಬ್ಬಿಸಲಿಲ್ಲ.
ಫ್ಲಾಸ್ಕು ತೊಳೆದು ಚಾಕ್ಕೆ ನೀರಿಟ್ಟೆ,
ಎರಡು ಲೋಟ.