ಸೊನ್ನೆಯಿಂದ ಹತ್ತು

ರಾತ್ರಿ ಪಾಳಿ, ಸಿರುಗುಪ್ಪ.
ಡ್ರೆಸ್ಸಿಂಗ್ ಟ್ರೇಗೆ ಒರಗಿಸಿದ ಫೋನಿನಲ್ಲಿ
ಮೂರನೇ ಪಾಠ: ಗಡ್ಡೆ ಹೋದ ಮೇಲೂ ಉಳಿಯುವ ನೋವು.
ಡಾಕ್ಟರು ಬಾಯಿ ತೆರೆದಲ್ಲೇ
ನೆಟ್‌ವರ್ಕು ಸುತ್ತತೊಡಗುತ್ತದೆ.

ಸೋಮವಾರ ಹಂಪಮ್ಮನನ್ನು ಕೇಳಿದ್ದೆ,
ಎರಡನೇ ಪಾಠ ಮುಗಿಸಿದ ಜೋರಿನಲ್ಲಿ:
ಸೊನ್ನೆಯಿಂದ ಹತ್ತರೊಳಗೆ ಎಷ್ಟು?
ಎದೆಯಿಲ್ಲದ ಬದಿಗೆ ಸೆರಗೆಳೆದು ನಕ್ಕಳು.
'ಲೆಕ್ಕ ನನಗೇನು ಗೊತ್ತವ್ವಾ?
ದಿನಪೂರ್ತಿ ಮೆಣಸಿನಕಾಯಿ ತೊಟ್ಟು ಮುರಿದು
ರಾತ್ರಿ ನೀರಾಗ ಕೈ ಅದ್ದಿದಂಗ.
ಮುರಿಯೋದು ಬಿಟ್ಟು ಎರಡು ವರ್ಷಾತು,
ಉರಿ ಬಿಟ್ಟಿಲ್ಲ.'

ರಿಪೋರ್ಟು ಚೆನ್ನಾಗಿದೆಯಲ್ಲ, ಅಂದೆ.
ಕಳಿಸಿಬಿಟ್ಟೆ.

ಪಾಠ ಮತ್ತೆ ಬಂತು, ಹಿಂದೆಯೇ ಪ್ರಶ್ನೆ:
ನರದ ನೋವಿನ ಲಕ್ಷಣ ಯಾವುದು?
ನಾಲ್ಕು ಉತ್ತರ. ಯಾವುದರಲ್ಲೂ ಮೆಣಸಿನಕಾಯಿ ಇಲ್ಲ.
'ಉರಿ' ಒತ್ತಿದೆ. ಹಸಿರಾಯಿತು.
ಒಂದು ಅಂಕ, ನನಗೆ.

ಬೆಳಗಿನ ಬಸ್ಸು ಬಿಡುವ ಮೊದಲು
ತೆಕ್ಕಲಕೋಟೆಗೆ ಫೋನು ಮಾಡಬೇಕು.