ಅರವತ್ತನಾಲ್ಕನೆಯ ಜೋಡಿ

ತೂಕದ ಕಟ್ಟೆಯಿಂದ ಇಬ್ಬರೂ ಒಟ್ಟಿಗೇ ಹೊರಟೆವು:
ನನ್ನ ಚೀಲದಲ್ಲಿ ಹಳದಿ ಡಬ್ಬಿ ಅರವತ್ತನಾಲ್ಕು, ಧೂಳು ಅಳೆಯುವವು;
ಸುಂಕಮ್ಮನ ಚೀಲದಲ್ಲಿ ನೀಲಿ ಅರವತ್ತನಾಲ್ಕು,
ಕೇಳಿಸಿಕೊಂಡು ಮುಂದಕ್ಕೆ ಸಾಗಿಸುವವು.
ಹಳದಿಯ ಮಾತು ತನ್ನ ಅಂಕಿಯ ನೀಲಿಗೆ ಮಾತ್ರ ತಿಳಿಯುತ್ತದೆ,
ಒಂದಕ್ಕೆ ಒಂದು, ಎರಡಕ್ಕೆ ಎರಡು.

ಟೇಪು ಬೇಡ ಎಂದಿದ್ದರು ಸಾಹೇಬರು.
ಸರಾಸರಿ ನೂರು ಮೀಟರು ಬಿದ್ದರೆ ಸಾಕು,
ಎಲ್ಲಿ ಮನಸ್ಸಾಯಿತೋ ಅಲ್ಲಿ ಕಟ್ಟಿ,
ಧೂಳೇನು ಪಂಚಾಂಗ ನೋಡಿ ಏಳುತ್ತದೆಯೇ?

ಹಾಗೆಯೇ ಕಟ್ಟಿದೆವು, ಸಂಡೂರಿನ ದಾರಿಯುದ್ದಕ್ಕೂ.
ಬೀಡಿ ಹೊತ್ತಿಸಲು ನಿಂತಲ್ಲಿ ನನ್ನದೊಂದು,
ಚಪ್ಪಲಿಯ ಉಂಗುಷ್ಟ ಕಿತ್ತಲ್ಲಿ ಒಂದು,
ಬಳ್ಳಾರಿ ಜಾಲಿಗೆ ಮೂರು, ಒಂದರ ಬೆನ್ನಿಗೊಂದು,
ಆಮೇಲೆ ಅರ್ಧ ಮೈಲಿ ಏನೂ ಇಲ್ಲ.
ಹಿಂದಿನದು ಎಲ್ಲಿತ್ತೆಂದು ಮುಂದಿನದು ಕೇಳಲೇ ಇಲ್ಲ.
ಸುಂಕಮ್ಮ ರಸ್ತೆಯ ಆ ಮಗ್ಗುಲು,
ಬೇವಿಗೆ, ಮೈಲಿಗಲ್ಲಿಗೆ, ಮಿರ್ಚಿ ಬಂಡಿಯ ತಗಡಿಗೆ.

ಮೊದಲ ಜೋಡಿ ಕೂಗಿದರೆ ಕೇಳುವಷ್ಟು ದೂರ.
"ಏ ಖಾಜಾ, ನಂದು ಒಂದು ಆತು!"
ನಾಲ್ಕನೆಯದಕ್ಕೆ ಅವಳು ಬೆರಳಷ್ಟು.
ಹದಿನಾರರಲ್ಲಿ ಸೀರೆ ಮಾತ್ರ,
ಧೂಳಿನ ಕೆಂಪೋ ಅದರದ್ದೇ ಕೆಂಪೋ.
ಒಂದೇ ಕೂಲಿ, ಒಂದೇ ನಡಿಗೆ,
ಯಾರೂ ಅವಸರ ಮಾಡಲಿಲ್ಲ, ಯಾರೂ ತಡ ಮಾಡಲಿಲ್ಲ.
ಆದರೂ
ಇಬ್ಬರ ನಡುವೆ ನೀರು ಹೊತ್ತು ಓಡಾಡುವ ಹುಲುಗಪ್ಪನ ಟಿವಿಎಸ್
ಮಧ್ಯಾಹ್ನಕ್ಕೇ ಪೆಟ್ರೋಲು ಕೇಳಿತು.

ರಾತ್ರಿ ತಾರಾನಗರದ ಷೆಡ್ಡಿನಲ್ಲಿ ಲೆಕ್ಕ ತೆಗೆದೆ.
ಒಂದು ಹುಚ್ಚು ಸಮಾಧಾನ ಸಿಕ್ಕಿತು:
ನಾಲ್ಕು ಪಟ್ಟು ಮುಂದೆ ಹೋದರೆ ಅಂತರ ಎರಡೇ ಪಟ್ಟು,
ಹದಿನಾರು ಪಟ್ಟಿಗೆ ನಾಲ್ಕರ ಆಸುಪಾಸು.
ದಾರಿ ಬೆಳೆದಷ್ಟು ದೂರ ಬೆಳೆಯುವುದಿಲ್ಲ,
ಅದರ ವರ್ಗಮೂಲದಷ್ಟೇ.
ಸುಂಕಮ್ಮನಿಗೆ ತೋರಿಸಿದೆ.
ಮಂಡಕ್ಕಿ ತಟ್ಟೆಯಿಂದ ಕಣ್ಣೆತ್ತದೆ ಅಂದಳು:
"ಮೂಲ ಇರ್ಲಿ. ಒದರಾಕ ಉಸಿರೆಷ್ಟು ಬೇಕು, ಅದನ್ನ ಬರಿ."

ಬರೆದೆ.
ದೂರ ಇಮ್ಮಡಿಯಾದರೆ ಬ್ಯಾಟರಿ ನಾಲ್ಮಡಿ ತಿನ್ನುತ್ತದೆ.
ಮೂಲ ಕೊಟ್ಟದ್ದನ್ನು ವರ್ಗ ವಸೂಲಿ ಮಾಡಿತು, ಬಿಡಿಗಾಸು ಬಿಡದೆ:
ಎಂಟನೆಯ ಜೋಡಿಗೆ ಎಂಟು,
ಅರವತ್ತನಾಲ್ಕಕ್ಕೆ ಅರವತ್ತನಾಲ್ಕು.

"ಜೋಡಿ ಅದಲು ಬದಲು ಮಾಡಿದ್ರ ಆತಿಲ್ಲ?" ಎಂದ ಹುಲುಗಪ್ಪ.
ಹುಣಸೆ ಬೀಜ ಇಟ್ಟು ನೆಲದ ಮೇಲೆ ತೋರಿಸಿದೆ:
ಒಂದೇ ದಾರಿಯಲ್ಲಿ ಎರಡು ಎಳೆ ಅಡ್ಡಡ್ಡ ದಾಟಿದ್ದರೆ
ಬಿಡಿಸಿ ನೋಡು, ಒಟ್ಟು ದಾರ ಉದ್ದವಾಗುವುದಿಲ್ಲ, ಎಂದೂ.
ಬಂದವರು ಬಂದ ಸರದಿಯಲ್ಲೇ ಜೊತೆಯಾಗುವುದು,
ಅದಕ್ಕಿಂತ ಅಗ್ಗದ್ದು ಇಲ್ಲ.
ಅವನು ಒಂದು ಬೀಜ ಎತ್ತಿ ಬಾಯಿಗೆ ಹಾಕಿಕೊಂಡ.

ಶ್ರಾವಣದಲ್ಲಿ ಗುತ್ತಿಗೆದಾರ ಸುಂಕಮ್ಮನನ್ನು
ಕುಡಿತಿನಿಗೆ ವರ್ಗ ಮಾಡಿದ.
ಅದೂ ವರ್ಗವೇ.
ಮರುವಾರ ಅರವತ್ತನಾಲ್ಕು ಮೌನ.
ಪರದೆಯ ಮೇಲೆ ರಸ್ತೆಯ ಕೊನೆ ಕಪ್ಪು,
ಅಲ್ಲಿ ಧೂಳೇ ಏಳುತ್ತಿಲ್ಲವೆಂಬಂತೆ.

ಹೋಗಿ ಬೇವಿನಿಂದ ನೀಲಿ ಡಬ್ಬಿ ಬಿಚ್ಚಿದೆ.
ಆ ದಿನ ಪೇಂಟು ಮುಗಿದಿತ್ತೇನೋ,
ಉಗುರುಬಣ್ಣದಲ್ಲಿ ಬರೆದಿದ್ದಾಳೆ ೬೪.
ನಾಲ್ಕು ಒಣಗುವ ಮೊದಲೇ ಸೆರಗು ತಾಗಿರಬೇಕು,
ಅದರ ಬಾಲ ಅಳಿಸಿದೆ.

ಒಂಬೈನೂರು ಮೀಟರು.
ಎರಡೂ ಕೈಯಲ್ಲಿ ಹಿಡಿದು ಹಳದಿಯ ಕಡೆ ನಡೆದೆ.
ಅದಿರಿನ ಲಾರಿಗಳು ಮೂರು ಒಟ್ಟಿಗೆ,
ಆಮೇಲೆ ರಸ್ತೆಗೆ ಕಾಗೆ ಇಳಿದು ಕೂರುವಷ್ಟು ಹೊತ್ತು ಖಾಲಿ.
ಕಾಗೆಯೂ ಕೆಂಪು.
ಅರ್ಧ ದಾರಿಗೆ ಡಬ್ಬಿಯೊಳಗೆ ಹಸಿರು ಚುಕ್ಕಿ ಮಿಟುಕಿತು:
ಹಳದಿ ಇನ್ನೂ ಕೂಗುತ್ತಲೇ ಇತ್ತು ಎಂದಾಯಿತು,
ಉಳಿದಿದ್ದ ಅಷ್ಟೇ ಉಸಿರಿನಲ್ಲಿ.

ಕಟ್ಟಲು ಮರ ಹುಡುಕಲಿಲ್ಲ.
ಮೋರಿಕಟ್ಟೆಯ ಮೇಲೆ ಕೂತೆ, ಡಬ್ಬಿ ತೊಡೆಯ ಮೇಲೆ.
"ಇನ್ನೂ ಎಷ್ಟು ಸನಿಯಾಕ ಒಯ್ಯಬೇಕಪ?" ಕೇಳಿದ ಹುಲುಗಪ್ಪ,
ಗಾಡಿ ಆರಿಸದೆ.

ಕುಡಿತಿನಿಯಲ್ಲಿ ಅವಳೀಗ ಎಷ್ಟನೆಯದನ್ನು ಕಟ್ಟುತ್ತಿದ್ದಾಳೋ.