ನೀಲಿ ಬಕೆಟ್

ಮೊದಲ ಸಲ ಅದನ್ನು ಕಂಡದ್ದು ಯಾಬಾದಲ್ಲಿ:
ಬಚ್ಚಲ ಮೂಲೆ, ಹಿಡಿ ಮುರಿದ ನೀಲಿ ಬಕೆಟ್,
ಹಿಡಿಯ ಜಾಗಕ್ಕೆ ಕಟ್ಟಿದ ಕೆಂಪು ಬಟ್ಟೆಯ ಚಿಂದಿ.
‘ಒಂಟಿ ಕೋಣೆ, ಸುತ್ತ ಟೈಲ್ಸು, ಇಪ್ಪತ್ನಾಲ್ಕು ತಾಸು ನೀರು,
ಮುಖ್ಯರಸ್ತೆಗೆ ಐದೇ ನಿಮಿಷ.’

ಯಾರ ಐದು ನಿಮಿಷವೋ.
ಲಾಗೋಸಿನ ಏಜೆಂಟರ ನಿಮಿಷಕ್ಕೆ ಎಷ್ಟು ಸೆಕೆಂಡೆಂದು
ಯೆನಗೋವಾದಲ್ಲಿ ಯಾರೂ ಕಲಿಸಿರಲಿಲ್ಲ ನನಗೆ.

ಅಗೆಗೆಯಲ್ಲಿ ಚಿಕ್ಕಮ್ಮನ ಮಗಳ ಮನೆ. ಸೋಫಾ ನನ್ನದು,
ಅವಳ ಗಂಡ ಟೀವಿ ಬಿಟ್ಟು ಎದ್ದಮೇಲೆ.
ಅವನೋ ಫುಟ್ಬಾಲು ಮುಗಿದ ಮೇಲಿನ ಚರ್ಚೆಯನ್ನೂ ಬಿಡದವನು.
ಅಲ್ಲಿಯವರೆಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು
ಅಂಗೈಯೊಳಗಿನ ಅರಮನೆಗಳನ್ನು
ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳುತ್ತೇನೆ:
ಮಂಚ, ಪರದೆ, ಯಾವುದೋ ದೇಶದ ಕಿಟಕಿ,
ಕಿಟಕಿಯ ಹೊರಗೆ ಹಿಮ.
ಲಾಗೋಸಿನಲ್ಲಿ, ಮಾರ್ಚಿನಲ್ಲಿ, ಹಿಮ!

ಕಾಮೊರು ಎಂಬವನು ಫೋನಿನಲ್ಲಿ ಬರೀ ಬೆಲ್ಲ.
‘ಸಿಸ್ಟರ್, ನಿಮ್ಮ ಮನೆ ನಿಮಗಾಗಿ ಅಳುತ್ತಿದೆ, ಬನ್ನಿ.’
ನೋಡುವ ಶುಲ್ಕ ಮೊದಲು. ಕೊಟ್ಟೆ.
ಅಳುತ್ತಿದ್ದದ್ದು ನಿಜ: ಗೋಡೆಯಲ್ಲಿ
ಸೊಂಟದೆತ್ತರಕ್ಕೆ ಕಳೆದ ಜುಲೈನ ನೆರೆಯ ಗೆರೆ,
ಅದರ ಮೇಲೆ ಹೊಸ ಸುಣ್ಣ, ಸುಣ್ಣದ ಮೇಲೆ ಮತ್ತೆ ಗೆರೆ.
‘ಚಿತ್ರದಲ್ಲಿದ್ದ ಕೋಣೆ?’
‘ಅದು ನಿನ್ನೆ ಹೋಯಿತು, ಸಿಸ್ಟರ್.’
ಒಳ್ಳೆಯವೆಲ್ಲ ನಿನ್ನೆಯೇ ಹೋಗುತ್ತವೆ.
ಈ ಊರಿಗೆ ನಾನು ಒಂದು ದಿನ ತಡವಾಗಿ ಬಂದೆನೇನೋ.

ಓಗ್ಬಾದ ಮಾಲೀಕರು ಕನ್ನಡಕ ಒರೆಸುತ್ತ ಕೇಳಿದರು:
ಗಂಡ? ಇಲ್ಲ. ಬಂದುಹೋಗುವವರು? ಇಲ್ಲ.
ಊರು? ನದಿಯ ಕಡೆ. ಓ, ನದಿಯ ಕಡೆ.
ಕೆಲಸ? ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ.
ನನ್ನ ರಕ್ತದ ಪರೀಕ್ಷೆ ಮುಗಿಸಿ ಅವರು
ಗೇಟು ತೋರಿದರು, ಬಹಳ ಮರ್ಯಾದೆಯಿಂದ.

ಅಷ್ಟರಲ್ಲಿ ನೀಲಿ ಬಕೆಟ್ ಸುರುಲೇರೆಗೆ ಹೋಗಿತ್ತು.
ಮುಂದಿನ ವಾರ ಓಜೋಡುಗೆ. ಆಮೇಲೆ, ಬಾಡಿಗೆ ಏರಿಸಿಕೊಂಡು, ಗ್ಬಗಾಡಕ್ಕೆ.
ಅದೇ ಕೆಂಪು ಚಿಂದಿ, ಅದೇ ಬಿಸಿಲಿನ ತುಂಡು.
ಪುಸ್ತಕದ ಬದನೆಕಾಯಿಯ ಹಾಗೆ ಇದು ಪರದೆಯ ಬದನೆಕಾಯಿ,
ಗೊತ್ತು. ಆದರೂ ರಾತ್ರಿ ಒಮ್ಮೆ ಅದನ್ನು ಕಾಣದೆ
ನಿದ್ದೆ ಹತ್ತದಾಯಿತು ನನಗೆ.

ಒಂದು ಚಿತ್ರದಲ್ಲಿ ಕನ್ನಡಿ ಇತ್ತು. ಕನ್ನಡಿಯಲ್ಲಿ ಕಿಟಕಿ,
ಕಿಟಕಿಯಾಚೆ ಬೇಕರಿಯೊಂದರ ಬೋರ್ಡು, ಅಕ್ಷರ ತಿರುಗುಮುರುಗು.
ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವಳು,
ಓದಿದೆ. ಭಾನುವಾರ
ಎರಡು ಹಳದಿ ಬಸ್ಸು ಬದಲಿಸಿ ಮುಶಿನ್ ತಲುಪಿದೆ.

ಬ್ರೆಡ್ಡಿನ ವಾಸನೆ. ಎದುರು ಮಹಡಿ. ಮೆಟ್ಟಿಲು ಮುಗಿದಲ್ಲಿ
ಹೊಲಿಗೆ ಯಂತ್ರ, ಅದರ ಹಿಂದೆ ಅಬೋಸೆಡೆ,
ತುಟಿಯ ನಡುವೆ ಗುಂಡುಸೂಜಿ, ಕಾಲ ಬಳಿ ಕೆಂಪು ಚಿಂದಿಯ ರಾಶಿ.
ನಾನು ಬಾಯಿ ತೆರೆಯುವ ಮೊದಲೇ
ಹೊರಗಿನ ಬೆಂಚು ತೋರಿಸಿದಳು.
‘ಈ ತಿಂಗಳಿಗೆ ನೀನು ಹದಿಮೂರನೆಯವಳು.
ಪಾಪ, ಬಂದವರು ನಿಲ್ಲುತ್ತಾರಲ್ಲ ಎಂದು ಬೆಂಚು ಹಾಕಿಸಿದೆ.
ಹತ್ತೊಂಬತ್ತು ವರ್ಷವಾಯಿತು ಮಗಳೇ, ಇಲ್ಲೇ ಇದ್ದೇನೆ,
ಎಲ್ಲಿಗೂ ಹೋಗುವವಳಲ್ಲ.
ಯಾವನೋ ಹುಡುಗ ನಲ್ಲಿ ರಿಪೇರಿಗೆಂದು ಬಂದಿದ್ದ,
ಫೋನು ಹಿಡಿದು ಒಳಗೆಲ್ಲ ಓಡಾಡಿದ. ನಲ್ಲಿ ಇನ್ನೂ ಹಾಗೇ ಇದೆ.’

ಬಚ್ಚಲು ಒಮ್ಮೆ ನೋಡಲೇ? ಎಂದೆ, ನಾಚಿಕೊಂಡು.
‘ಎಲ್ಲರೂ ಕೇಳುತ್ತಾರೆ.’

ಚಿತ್ರಕ್ಕಿಂತ ಚಿಕ್ಕದಿತ್ತು ಬಕೆಟ್ಟು. ಅರ್ಧ ನೀರು,
ಬೆಳಿಗ್ಗೆ ಕೆಳಗಿನಿಂದ ಹೊತ್ತು ತಂದದ್ದು.
ಮುಖ ತೊಳೆದುಕೋ ಎಂದಳು.
ತೊಳೆದುಕೊಂಡೆ.

ಹೊರಬಂದರೆ ಬೆಂಚಿನ ಮೇಲೆ ಹದಿನಾಲ್ಕನೆಯವನು,
ಜೋಸ್ ಕಡೆಯ ಮಾತು, ಕಂಕುಳಲ್ಲಿ ಫೈಲು,
ಕೈಯ ಪರದೆ ತುಂಬ ನೀಲಿ.
ನನ್ನ ಒದ್ದೆ ಮುಖ ನೋಡಿ ಅವನ ಮುಖ ಬಾಡಿತು.
‘ನಿನ್ನೆಯೇ ಹೋಯಿತೇ?’

‘ಇಲ್ಲ’ ಎಂದೆ, ‘ಇದ್ದಾಳೆ.’
ಅವನು ಸರಿದ. ಕೂತೆ.